ಟ್ರಿಪ್ ರದ್ದಾದರೆ ಕ್ರೆಡಿಟ್ ಕಾರ್ಡ್ ವಿಮೆಯಿಂದ ದುಡ್ಡು ವಾಪಸ್ ಪಡೆಯುವುದು ಹೇಗೆ

ಟಿಕೆಟ್ ಬುಕ್ ಆಗಿದೆ, ಹೋಟೆಲ್‌ಗೆ ಮುಂಗಡ ಕೊಟ್ಟಾಗಿದೆ, ಹೊರಡಲು ಇನ್ನು ನಾಲ್ಕೇ ದಿನ ಇರುವಾಗ ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರುತ್ತಾರೆ. ಆ ಹೊತ್ತಿನಲ್ಲಿ ತಲೆಗೆ ಬರುವ ಒಂದೇ ಸಮಾಧಾನ ಏನು? ಕಾರ್ಡ್‌ನಲ್ಲಿ ಪ್ರಯಾಣ ವಿಮೆ ಇದೆಯಲ್ಲ, ದುಡ್ಡು ಬರುತ್ತದೆ ಬಿಡು ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಜೊತೆ ಹೊರಡಬೇಕಿದ್ದ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ದಿನ, ಅಲ್ಲೇ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಎಲ್ಲಾ ಟಿಕೆಟ್ ರದ್ದು ಮಾಡಿದೆ. ಡಾಕ್ಟರ್ ಹತ್ತಿರ ಪತ್ರ ತೆಗೆದುಕೊಂಡದ್ದು ಮೂರು ದಿನ ಕಳೆದ ಮೇಲೆ. ಅದರಲ್ಲಿ ‘ವಿಶ್ರಾಂತಿ ಬೇಕು’ ಅಂತ ಮಾತ್ರ ಬರೆದಿತ್ತು.

ಕ್ಲೇಮ್ ತಿರಸ್ಕಾರವಾಯಿತು. ಪ್ರಯಾಣ ಮಾಡಬಾರದು ಅಂತ ಡಾಕ್ಟರ್ ಹೇಳಿದ್ದಕ್ಕೆ ದಾಖಲೆ ಇಲ್ಲ, ಪತ್ರದ ತಾರೀಖು ಟಿಕೆಟ್ ರದ್ದಾದ ನಂತರದ್ದು ಅನ್ನುವುದು ವಿಮೆ ಕಂಪನಿ ಕೊಟ್ಟ ಕಾರಣ. ಆಮೇಲೆ ಆಸ್ಪತ್ರೆಯ ದಾಖಲಾತಿ ಚೀಟಿ, ಹೊಸ ಪತ್ರ ಎಲ್ಲಾ ಜೋಡಿಸಿ ಮತ್ತೆ ಬರೆದೆ. ವಿಮಾನದ ದುಡ್ಡು ಬಂತು. ಹೋಟೆಲ್ ದುಡ್ಡು ಬರಲಿಲ್ಲ, ಯಾಕೆಂದರೆ ಹೋಟೆಲ್‌ಗೆ ನಾನು ಬೇರೆ ಕಾರ್ಡ್‌ನಿಂದ ಕಟ್ಟಿದ್ದೆ. ಇಷ್ಟು ಕಲಿಯಲು ನನಗೆ ಕೆಲವು ತಿಂಗಳು ಹಿಡಿಯಿತು. ನಿಮಗೆ ಅಷ್ಟು ಹಿಡಿಯಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಮನಸ್ಸಿಗೆ ಬರಲಿ. ಕಾರ್ಡ್ ವಿಮೆ ‘ಟ್ರಿಪ್ ರದ್ದಾಯಿತು’ ಅಂತ ದುಡ್ಡು ಕೊಡುವುದಿಲ್ಲ. ಪಾಲಿಸಿಯಲ್ಲಿ ಒಂದಷ್ಟು ಕಾರಣಗಳ ಪಟ್ಟಿ ಇರುತ್ತದೆ. ನಿಮ್ಮ ಕಾರಣ ಆ ಪಟ್ಟಿಯಲ್ಲಿದ್ದು, ಅದಕ್ಕೆ ಕಾಗದವೂ ಇದ್ದರೆ ದುಡ್ಡು ಬರುತ್ತದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಇಲ್ಲ. ಹಾಗಾಗಿ ಕೆಲಸ ಶುರುವಾಗುವುದು ಟ್ರಿಪ್ ಕೆಟ್ಟ ದಿನದಿಂದಲ್ಲ, ಟಿಕೆಟ್‌ಗೆ ಕಾರ್ಡ್ ಉಜ್ಜುವ ಮೊದಲಿನಿಂದ.

ದುಡ್ಡು ಕಟ್ಟುವ ಮೊದಲು

ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ‘ನನ್ನ ಕಾರ್ಡ್‌ನಲ್ಲಿ ಪ್ರಯಾಣ ವಿಮೆ ಇದೆಯಾ’ ಅಂತ ಕೇಳಬೇಡಿ. ಇದೆ ಅನ್ನುತ್ತಾರೆ. ಅವರು ಹೇಳಿದ್ದು ಸುಳ್ಳೂ ಅಲ್ಲ. ಆದರೆ ಎಷ್ಟೋ ಕಾರ್ಡ್‌ಗಳಲ್ಲಿ ಆ ಹೆಸರಿನಡಿ ಇರುವುದು ಪ್ರಯಾಣದಲ್ಲಿ ಅಪಘಾತವಾಗಿ ಸತ್ತರೆ ಸಿಗುವ ವಿಮೆ ಮಾತ್ರ, ಅಥವಾ ಲಗೇಜ್ ಕಳೆದರೆ, ವಿಮಾನ ತಡವಾದರೆ ಸಿಗುವ ಪರಿಹಾರ ಮಾತ್ರ. ಕೇಳಬೇಕಾದ್ದು ‘ಟ್ರಿಪ್ ಕ್ಯಾನ್ಸಲೇಶನ್’ ಇದೆಯಾ ಅಂತ. ಹೊರಟ ಮೇಲೆ ಅರ್ಧದಲ್ಲಿ ವಾಪಸ್ ಬರಬೇಕಾದರೆ ಸಿಗುವುದು ‘ಟ್ರಿಪ್ ಇಂಟರಪ್ಷನ್’, ಅದು ಬೇರೆ. ದಾರಿಯಲ್ಲಿ ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡರೆ ಊಟ, ರೂಮಿಗೆ ಸಿಗುವುದು ‘ಟ್ರಿಪ್ ಡಿಲೇ’, ಅದೂ ಬೇರೆ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರಬೇಕು ಅಂತೇನಿಲ್ಲ.

ಫೋನಿನ ಉತ್ತರವನ್ನು ನಂಬಿಕೊಂಡು ಸುಮ್ನೆ ಕೂರಬೇಡಿ. ಪಾಲಿಸಿಯ ಪೂರ್ತಿ ಪಿಡಿಎಫ್ ಕೇಳಿ ತರಿಸಿಕೊಳ್ಳಿ. ಜಾಹೀರಾತಿನ ಎರಡು ಪುಟದ ಹಾಳೆ ಬೇಡ, ಷರತ್ತುಗಳಿರುವ ದೊಡ್ಡ ಪುಸ್ತಿಕೆಯೇ ಬೇಕು. ಅದನ್ನು ಬುಕ್ಕಿಂಗ್ ಮಾಡಿದ ದಿನವೇ ಇಳಿಸಿಟ್ಟುಕೊಳ್ಳಿ, ಯಾಕೆಂದರೆ ಈ ವಿಮೆಗಳು ಕಾರ್ಡ್‌ನ ಬಣ್ಣ, ಹೆಸರು ಒಂದೂ ಬದಲಾಗದೆ ಒಳಗಿಂದೊಳಗೇ ಬದಲಾಗುತ್ತವೆ. ಅಮೆರಿಕದಲ್ಲಿ ಡಿಸ್ಕವರ್ ಅನ್ನುವ ಕಾರ್ಡ್ ಕಂಪನಿ 2018ರಲ್ಲಿ ವಿಮಾನ ಅಪಘಾತದ ವಿಮೆ, ಬಾಡಿಗೆ ಕಾರಿನ ವಿಮೆಗಳನ್ನು ತೆಗೆದುಹಾಕಿತು. 2019ರ ಸೆಪ್ಟೆಂಬರ್‌ನಲ್ಲಿ ಸಿಟಿ ಬ್ಯಾಂಕ್ ತನ್ನ ಬಹುತೇಕ ಕಾರ್ಡ್‌ಗಳಿಂದ ಪ್ರಯಾಣ ವಿಮೆಯನ್ನು ತೆಗೆಯಿತು. ಅಮೆರಿಕನ್ ಎಕ್ಸ್‌ಪ್ರೆಸ್ ಇದಕ್ಕೆ ಉಲ್ಟಾ, 2020ರ ಜನವರಿಯಿಂದ ಕೆಲವು ಕಾರ್ಡ್‌ಗಳಿಗೆ ಟ್ರಿಪ್ ಕ್ಯಾನ್ಸಲೇಶನ್ ವಿಮೆಯನ್ನು ಹೊಸದಾಗಿ ಸೇರಿಸಿತು. ಮೂರು ವರ್ಷದ ಹಿಂದೆ ಗೆಳೆಯರಿಗೆ ದುಡ್ಡು ಬಂದಿತ್ತು ಅನ್ನುವುದು ಇವತ್ತಿಗೆ ಆಧಾರವಾಗುವುದಿಲ್ಲ.

ಪಿಡಿಎಫ್ ಸಿಕ್ಕಿತು ಅಂದುಕೊಳ್ಳಿ. ಎಲ್ಲವನ್ನೂ ಓದುವ ತಾಳ್ಮೆ ಇಲ್ಲದಿದ್ದರೆ ಮೊದಲು ‘ಅರ್ಹತೆ’ ಅನ್ನುವ ಭಾಗ ಹುಡುಕಿ. ದುಡ್ಡು ಹೇಗೆ ಕಟ್ಟಿರಬೇಕು ಅನ್ನುವುದು ಅಲ್ಲಿರುತ್ತದೆ, ಜಾಸ್ತಿ ಜನ ಸಿಕ್ಕಿಬೀಳುವುದೂ ಅಲ್ಲೇ. ಕೆಲವು ಪಾಲಿಸಿಗಳಿಗೆ ಪ್ರಯಾಣದ ಪೂರ್ತಿ ದುಡ್ಡು ಅದೇ ಕಾರ್ಡ್‌ನಿಂದ ಹೋಗಿರಬೇಕು. ಕೆಲವಕ್ಕೆ ಒಂದು ಭಾಗ ಹೋಗಿದ್ದರೂ ಸಾಕು, ಆದರೆ ಆ ಕಾರ್ಡ್‌ನಿಂದ ಕಟ್ಟಿದಷ್ಟಕ್ಕೆ ಮಾತ್ರ ಪರಿಹಾರ. ಪಾಯಿಂಟ್ಸ್ ಬಳಸಿ ಟಿಕೆಟ್ ತಗೊಂಡರೆ ಆ ಪಾಯಿಂಟ್ಸ್ ಅದೇ ಕಾರ್ಡ್‌ನದ್ದಾ, ಬೇರೆ ಏರ್‌ಲೈನ್‌ನದ್ದಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೆಲವು ಕಾರ್ಡ್‌ಗಳಲ್ಲಿ ಹೋಗಿ ಬರುವ ಎರಡೂ ಕಡೆಯ ಟಿಕೆಟ್ ಇರಲೇಬೇಕು, ಒಂದೇ ಕಡೆಯ ಟಿಕೆಟ್‌ಗೆ ವಿಮೆಯೇ ಇಲ್ಲ. ಕೆಲವು ದೇಶಗಳ ಕಾರ್ಡ್‌ಗಳಲ್ಲಿ ಹೊರಡುವ ಮೊದಲು ಇಂತಿಷ್ಟು ಖರ್ಚು ಕಾರ್ಡ್‌ನಿಂದ ಮಾಡಿ ವಿಮೆಯನ್ನು ಚಾಲೂ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅದು ಹೆಸರಿಗಷ್ಟೇ ಇರುತ್ತದೆ. ಟ್ರಿಪ್ ಎಷ್ಟು ದಿನದ್ದು ಅನ್ನುವುದಕ್ಕೂ ಮಿತಿ ಇರಬಹುದು.

ನನ್ನ ಮಟ್ಟಿಗೆ ಇದಕ್ಕೆ ಒಂದೇ ಉಪಾಯ: ಒಂದು ಟ್ರಿಪ್, ಒಂದು ಕಾರ್ಡ್. ವಿಮಾನ, ಹೋಟೆಲ್, ಟೂರ್, ಮುಂಗಡ, ಬಾಕಿ ಎಲ್ಲಾ ಅದರಿಂದಲೇ. ಬೇರೆ ಕಾರ್ಡ್‌ನಲ್ಲಿ ಒಂದಿಷ್ಟು ಕ್ಯಾಶ್‌ಬ್ಯಾಕ್ ಸಿಗುತ್ತದೆ ಅಂತ ಹೋಟೆಲ್ ದುಡ್ಡನ್ನು ಆ ಕಡೆ ಹಾಕಿದ್ದೇ ನಾನು ಮಾಡಿದ ತಪ್ಪು.

ಇನ್ನು ಯಾರಿಗೆ ವಿಮೆ ಅನ್ನುವುದು. ಕಾರ್ಡ್‌ದಾರ, ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ಇಷ್ಟು ಮಂದಿ ಸಾಮಾನ್ಯವಾಗಿ ಇರುತ್ತಾರೆ. ಜೊತೆಗೆ ಬರುವ ಗೆಳೆಯರ ಟಿಕೆಟ್ಟನ್ನೂ ನೀವೇ ಕಟ್ಟಿದ್ದರೆ ಅವರಿಗೂ ವಿಮೆ ಇದೆ ಅಂದುಕೊಳ್ಳಬೇಡಿ. ‘ಹತ್ತಿರದ ಸಂಬಂಧಿ’ ಅನ್ನುವ ಪದದ ಅರ್ಥವನ್ನಂತೂ ಪಾಲಿಸಿಯಲ್ಲೇ ನೋಡಬೇಕು. ಕನ್ನಡದಲ್ಲಿ ಅತ್ತೆ ಅಂದರೆ ಗಂಡನ ತಾಯಿಯೂ ಹೌದು, ಅಪ್ಪನ ತಂಗಿಯೂ ಹೌದು, ಸೋದರಮಾವನ ಹೆಂಡತಿಯೂ ಹೌದು. ಪಾಲಿಸಿಗೆ ಇವರು ಮೂರು ಬೇರೆ ಬೇರೆ ಸಂಬಂಧ. ಗಂಡನ ತಾಯಿ ಕಾಯಿಲೆ ಬಿದ್ದರೆ ಒಪ್ಪುವ ಪಾಲಿಸಿ ಅಪ್ಪನ ತಂಗಿಗೆ ಒಪ್ಪದೇ ಇರಬಹುದು. ಫಾರಂ ತುಂಬುವಾಗಲೂ ಸಂಬಂಧವನ್ನು ಬಿಡಿಸಿ ಬರೆಯಿರಿ.

ಯಾವ ಕಾರಣಕ್ಕೆ ಸಿಗುತ್ತದೆ, ಯಾವುದಕ್ಕೆ ಇಲ್ಲ

ಸಾಮಾನ್ಯವಾಗಿ ಪಟ್ಟಿಯಲ್ಲಿರುವುದು ಇವು: ನಿಮಗೆ, ಜೊತೆಯಲ್ಲಿ ಬರುವವರಿಗೆ ಅಥವಾ ಹತ್ತಿರದ ಸಂಬಂಧಿಗೆ ಗಂಭೀರ ಕಾಯಿಲೆ, ಗಾಯ, ಸಾವು. ಪ್ರಯಾಣವನ್ನೇ ತಡೆಯುವಂಥ ಕೆಟ್ಟ ಹವಾಮಾನ. ಕೋರ್ಟಿನ ಸಮನ್ಸ್. ಕೆಲವು ಪಾಲಿಸಿಗಳಲ್ಲಿ ಬೆಂಕಿ ಅಥವಾ ನೆರೆಯಿಂದ ಮನೆ ವಾಸಕ್ಕೆ ಯೋಗ್ಯವಲ್ಲದಂತಾಗುವುದು, ಹೋಗುವ ಊರಿನಲ್ಲಿ ಭಯೋತ್ಪಾದಕ ದಾಳಿ ಕೂಡ ಸೇರಿರುತ್ತವೆ.

ಪಟ್ಟಿಯ ಹೊರಗೆ ಉಳಿಯುವುದೇ ಜಾಸ್ತಿ. ಆಫೀಸಿನಲ್ಲಿ ರಜೆ ವಾಪಸ್ ತಗೊಂಡರು, ವೀಸಾ ಬರಲಿಲ್ಲ, ಜೊತೆಗಾರರು ಬೇಡ ಅಂದರು, ಅಲ್ಲಿಗೆ ಹೋಗಲು ಭಯವಾಗುತ್ತಿದೆ, ಇವು ಯಾವುವಕ್ಕೂ ಸಾಧಾರಣವಾಗಿ ಕೊಡುವುದಿಲ್ಲ. 2020ರಲ್ಲಿ ಕೋವಿಡ್ ಹೆದರಿಕೆಯಿಂದ ಟ್ರಿಪ್ ಬಿಟ್ಟವರಲ್ಲಿ ಎಷ್ಟೋ ಮಂದಿಗೆ ದುಡ್ಡು ಸಿಗದಿದ್ದದ್ದು ಇದಕ್ಕೇ. ಸ್ವತಃ ಸೋಂಕು ತಗುಲಿ ಹಾಸಿಗೆ ಹಿಡಿಯುವುದು ಕಾಯಿಲೆ, ಸೋಂಕು ತಗುಲಬಹುದು ಅಂತ ಹೋಗದಿರುವುದು ಭಯ. ಪಾಲಿಸಿ ಇವೆರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ.

ಬುಕ್ ಮಾಡುವಾಗಲೇ ಎಲ್ಲರಿಗೂ ಗೊತ್ತಿದ್ದ ಅಪಾಯಕ್ಕೂ ಕೊಡುವುದಿಲ್ಲ. ಚಂಡಮಾರುತಕ್ಕೆ ಹೆಸರು ಇಟ್ಟಾದ ಮೇಲೆ ಟಿಕೆಟ್ ತಗೊಂಡು, ಅದೇ ಚಂಡಮಾರುತದಿಂದ ಟ್ರಿಪ್ ಕೆಟ್ಟಿತು ಅಂದರೆ ಕೇಳುವವರಿಲ್ಲ.

ಹಳೆಯ ಕಾಯಿಲೆಯ ವಿಷಯ ಇನ್ನೂ ಸೂಕ್ಷ್ಮ. ಬುಕ್ಕಿಂಗ್‌ಗೆ ಹಿಂದಿನ ಇಷ್ಟು ದಿನಗಳಲ್ಲಿ, ಪಾಲಿಸಿ ನೋಡಿಕೊಂಡು ಅದು 60 ದಿನವೂ ಇರಬಹುದು, 180 ದಿನವೂ ಇರಬಹುದು, ಆ ಕಾಯಿಲೆಗೆ ಚಿಕಿತ್ಸೆ ಆಗಿದ್ದರೆ, ಮಾತ್ರೆ ಬದಲಾಗಿದ್ದರೆ, ಹೊಸ ಟೆಸ್ಟ್ ಬರೆದುಕೊಟ್ಟಿದ್ದರೆ ಅದು ‘ಮೊದಲೇ ಇದ್ದ ಕಾಯಿಲೆ’ ಆಗಿಬಿಡುತ್ತದೆ, ಆಗ ದುಡ್ಡು ಬರುವುದಿಲ್ಲ. ಪ್ರಯಾಣ ಮಾಡದೇ ಮನೆಯಲ್ಲಿರುವ ಅಪ್ಪ ಅಮ್ಮನ ಕಾಯಿಲೆಗೂ ಹಲವು ಪಾಲಿಸಿಗಳು ಇದೇ ನಿಯಮ ಹಾಕುತ್ತವೆ. ಮನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಹಿರಿಯರಿದ್ದರೆ ಈ ಒಂದು ಪ್ಯಾರಾವನ್ನು ಎರಡು ಸಲ ಓದಿ. ಕಾರ್ಡ್ ವಿಮೆಯನ್ನು ನಂಬಬಹುದೋ ಬಾರದೋ ಅನ್ನುವುದು ಬಹಳ ಮನೆಗಳಲ್ಲಿ ಇಲ್ಲೇ ತೀರ್ಮಾನವಾಗುತ್ತದೆ.

ಪದಗಳ ಅರ್ಥ ಎಷ್ಟು ದೂರ ಎಳೆಯುತ್ತದೆ ಅನ್ನುವುದಕ್ಕೆ 2010ರ ಏಪ್ರಿಲ್ ನೆನಪಿಸಿಕೊಳ್ಳಿ. ಐಸ್‌ಲ್ಯಾಂಡ್‌ನ ಎಯಾಫ್ಯಾಟ್ಲಯೋಕುಟ್ಲ್ ಜ್ವಾಲಾಮುಖಿಯ ಬೂದಿ ಹರಡಿ ಯೂರೋಪಿನ ಬಹುಭಾಗದ ಆಕಾಶ ಸುಮಾರು ಆರು ದಿನ ಬಂದ್ ಆಯಿತು, ಸುಮಾರು ಒಂದು ಲಕ್ಷ ವಿಮಾನಗಳು ರದ್ದಾದವು. ಜನ ವಿಮೆ ಕೇಳಲು ಹೋದರೆ ಎದ್ದ ಪ್ರಶ್ನೆ: ಬೂದಿ ಮೋಡ ‘ಕೆಟ್ಟ ಹವಾಮಾನ’ವೇ? ಕೆಲವು ಕಂಪನಿಗಳು ಹೌದು ಅಂದವು, ಕೆಲವು ಅಲ್ಲ ಅಂದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಾಫ್ಟ್‌ವೇರ್‌ನ ಒಂದು ಅಪ್‌ಡೇಟ್ ಕೆಟ್ಟು ಪ್ರಪಂಚದಾದ್ಯಂತ ಸಾವಿರಾರು ವಿಮಾನಗಳು ನಿಂತವು. ಕಂಪ್ಯೂಟರ್ ಕೈಕೊಟ್ಟದ್ದು ನಿಮ್ಮ ಪಟ್ಟಿಯಲ್ಲಿ ಇದೆಯೇ ಅಂತ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ. ಕಂಪನಿಯೇ ಮುಳುಗುವುದು ಇನ್ನೊಂದು. 2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಟೂರ್ ಕಂಪನಿ ಥಾಮಸ್ ಕುಕ್ ಬಾಗಿಲು ಹಾಕಿದಾಗ ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಹೊರದೇಶಗಳಲ್ಲಿ ಉಳಿದುಬಿಟ್ಟರು. ಏರ್‌ಲೈನ್ ಅಥವಾ ಟೂರ್ ಕಂಪನಿ ದಿವಾಳಿಯಾದರೆ ಕೊಡುತ್ತೇವೋ ಇಲ್ಲವೋ ಅನ್ನುವುದು ಪ್ರತಿ ಪಾಲಿಸಿಯಲ್ಲೂ ಬೇರೆ.

ಟ್ರಿಪ್ ಕೆಟ್ಟ ದಿನ

ಮೊದಲ ಪ್ರಶ್ನೆ: ರದ್ದು ಮಾಡುತ್ತಿರುವುದು ಯಾರು? ಏರ್‌ಲೈನ್ ರದ್ದು ಮಾಡಿದರೆ ನೀವು ವಿಮೆಯ ಹತ್ತಿರ ಹೋಗುವ ಮೊದಲು ಏರ್‌ಲೈನ್ ಹತ್ತಿರ ಹೋಗಬೇಕು. ಯೂರೋಪಿಯನ್ ಒಕ್ಕೂಟದ 261ನೇ ನಿಯಮದಂತೆ ರದ್ದಾದ ವಿಮಾನದ ಟಿಕೆಟ್ ದುಡ್ಡು ಏಳು ದಿನದೊಳಗೆ ವಾಪಸ್ ಕೊಡಬೇಕು. ಅಮೆರಿಕದಲ್ಲಿ 2024ರಲ್ಲಿ ಬಂದ ನಿಯಮದಂತೆ ವಿಮಾನ ರದ್ದಾಗಿ ನೀವು ಬದಲಿ ವ್ಯವಸ್ಥೆ ಒಪ್ಪದಿದ್ದರೆ ಕಾರ್ಡ್‌ನಿಂದ ಕಟ್ಟಿದ ದುಡ್ಡು ಏಳು ಕೆಲಸದ ದಿನದೊಳಗೆ ಬರಬೇಕು. ವಿಮೆ ತುಂಬಿಕೊಡುವುದು ಬೇರೆ ಯಾರೂ ವಾಪಸ್ ಕೊಡದ ಹಣವನ್ನು ಮಾತ್ರ.

ಹಾಗಾಗಿ ಬಿರುಗಾಳಿ ಬರುತ್ತಿದೆ, ವಿಮಾನ ಹೋಗುವುದು ಅನುಮಾನ ಅನ್ನಿಸಿದಾಗ ಆತುರಪಟ್ಟು ನೀವೇ ರದ್ದು ಮಾಡಬೇಡಿ. ಏರ್‌ಲೈನ್ ರದ್ದು ಮಾಡಿದರೆ ಪೂರ್ತಿ ರೀಫಂಡ್, ಅದಕ್ಕೆ ಎರಡು ಗಂಟೆ ಮೊದಲು ನೀವೇ ಮಾಡಿದರೆ ದಂಡ ಕಳೆದು ಉಳಿದದ್ದು. ಏರ್‌ಲೈನ್‌ನವರು ವೋಚರ್ ಕೊಡುತ್ತೇವೆ ಅಂದರೆ ಒಪ್ಪುವ ಮೊದಲು ಯೋಚಿಸಿ. ಬಹಳ ಪಾಲಿಸಿಗಳು ವೋಚರ್ ಕೂಡ ನಿಮಗೆ ಬಂದ ದುಡ್ಡೇ ಅಂತ ಲೆಕ್ಕ ಹಾಕುತ್ತವೆ. ಆ ವೋಚರ್ ಉಪಯೋಗವಾಗದೆ ಅವಧಿ ಮುಗಿದರೂ ಅಷ್ಟೇ.

ಕಾಯಿಲೆಯಾದರೆ ಲೆಕ್ಕ ಬೇರೆ. ಅಲ್ಲಿ ಕಾಯುತ್ತಾ ಕೂರಬಾರದು. ಹೋಗಲಾಗುವುದಿಲ್ಲ ಅಂತ ಖಚಿತವಾದ ದಿನವೇ ರದ್ದು ಮಾಡಬೇಕು. ಹೋಟೆಲ್‌ನವರು ಸೋಮವಾರ ರದ್ದು ಮಾಡಿದ್ದರೆ ಅರ್ಧ ಕೊಡುತ್ತಿದ್ದರು, ನೀವು ಗುರುವಾರದ ತನಕ ಬಿಟ್ಟಿರಿ, ಏನೂ ಸಿಗಲಿಲ್ಲ ಅಂದರೆ, ತಡಮಾಡಿದ್ದರಿಂದ ಹೋದ ಆ ಅರ್ಧವನ್ನು ವಿಮೆ ಕಂಪನಿ ಕೊಡುವುದಿಲ್ಲ. ಆದರೆ ಒಂದು ಕ್ರಮ ಇದೆ: ಮೊದಲು ಡಾಕ್ಟರ್, ಆಮೇಲೆ ರದ್ದು. ಆ ದಿನ ಪೂರ್ತಿ ಪತ್ರ ಕೈಗೆ ಸಿಗದಿದ್ದರೂ ಪರವಾಗಿಲ್ಲ. ತಾರೀಖು ಇರುವ ಚೀಟಿಯಲ್ಲಿ ‘ಈ ದಿನಗಳಲ್ಲಿ ಪ್ರಯಾಣ ಮಾಡಬಾರದು’ ಅಂತ ಒಂದು ಸಾಲು ಬರೆಸಿಕೊಳ್ಳಿ. ಅದರ ಫೋಟೋ ತೆಗೆದುಕೊಂಡು, ನಂತರ ಟಿಕೆಟ್ ರದ್ದು ಮಾಡಿ. ಹತ್ತು ನಿಮಿಷದ ಕೆಲಸ. ಮನೆಯವರು ನೋವಿನಲ್ಲಿರುವಾಗ ಇದು ಕೇಳಲು ಸಂಕೋಚವಾಗುತ್ತದೆ, ನನಗೂ ಆಗಿತ್ತು. ಜೊತೆಯಲ್ಲಿ ತಮ್ಮನೋ ತಂಗಿಯೋ ಯಾರಾದರೂ ಇದ್ದರೆ ಈ ಕೆಲಸ ಅವರಿಗೆ ವಹಿಸಿ.

ರದ್ದು ಮಾಡುವಾಗ ಎಲ್ಲವೂ ಬರಹದಲ್ಲಿರಲಿ. ಫೋನಿನಲ್ಲಿ ‘ರೀಫಂಡ್ ಬರುವುದಿಲ್ಲ’ ಅಂದರೆ ಅದನ್ನೇ ಇಮೇಲ್‌ನಲ್ಲಿ ಕಳಿಸಿ ಅಂತ ಕೇಳಿ. ಎಷ್ಟು ಕಟ್ಟಿದ್ದಿರಿ, ಎಷ್ಟು ವಾಪಸ್ ಬರುತ್ತದೆ, ಎಷ್ಟು ಬರುವುದಿಲ್ಲ ಅನ್ನುವ ಮೂರು ಅಂಕಿ ಅದರಲ್ಲಿ ಇದ್ದರೆ ಕ್ಲೇಮ್ ಓದುವವರಿಗೆ ಬೇರೇನೂ ಕೇಳಬೇಕಾಗುವುದಿಲ್ಲ.

ಕ್ಲೇಮ್ ಹಾಕುವುದು

ಬ್ಯಾಂಕ್ ಬೇರೆ, ವಿಮೆ ಕಂಪನಿ ಬೇರೆ, ಕ್ಲೇಮ್ ನೋಡುವವರು ಕೆಲವೊಮ್ಮೆ ಮೂರನೆಯವರು. ಯಾರಿಗೆ ಹೇಳಬೇಕು ಅನ್ನುವುದು ಪಾಲಿಸಿಯಲ್ಲಿರುತ್ತದೆ, ಅವರಿಗೇ ಹೇಳಿ. ಬ್ಯಾಂಕಿನ ಹೆಲ್ಪ್‌ಲೈನ್‌ಗೆ ಹೇಳಿದ್ದು ವಿಮೆ ಕಂಪನಿಗೆ ಹೇಳಿದಂತೆ ಆಗುವುದಿಲ್ಲ. ಎರಡು ಗಡುವು ಇರುತ್ತವೆ: ಹೀಗಾಗಿದೆ ಅಂತ ತಿಳಿಸಲು ಒಂದು, ಕಾಗದಗಳನ್ನು ಕೊಡಲು ಇನ್ನೊಂದು. ತಿಳಿಸುವ ಗಡುವು 20 ದಿನದಷ್ಟು ಕಡಿಮೆಯೂ ಇರಬಹುದು. ಕಾಗದ ಪೂರ್ತಿ ಆಗಲಿ ಅಂತ ಕಾಯದೆ ಮೊದಲು ಕ್ಲೇಮ್ ನಂಬರ್ ತೆಗೆದುಕೊಳ್ಳಿ, ಕಾಗದ ಆಮೇಲೆ ಸೇರಿಸಬಹುದು.

ಬೇಕಾಗುವ ಕಾಗದ ಹೆಚ್ಚು ಕಡಿಮೆ ಎಲ್ಲಾ ಕಡೆ ಒಂದೇ. ಟ್ರಿಪ್‌ನ ಖರ್ಚು ಕಾಣುವ ಕಾರ್ಡ್ ಸ್ಟೇಟ್‌ಮೆಂಟ್, ಬುಕ್ಕಿಂಗ್ ಮತ್ತು ರಸೀದಿ, ರದ್ದತಿಯ ಷರತ್ತುಗಳು, ರದ್ದಾದ ತಾರೀಖು ಇರುವ ಇಮೇಲ್, ಬಂದ ರೀಫಂಡ್‌ನ ವಿವರ, ಮತ್ತು ಕಾರಣಕ್ಕೆ ಸಾಕ್ಷಿ. ರದ್ದತಿಯ ಷರತ್ತುಗಳನ್ನು ಬುಕ್ ಮಾಡುವಾಗಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಡಾಕ್ಟರ್ ಪತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಕ್ಲೇಮ್ ನಿಲ್ಲುವುದೋ ಬೀಳುವುದೋ ಅದರ ಮೇಲೆ. ರೋಗಿಯ ಹೆಸರು, ಯಾವ ಕಾಯಿಲೆ, ಅದು ಶುರುವಾದ ದಿನ, ಡಾಕ್ಟರ್ ಪರೀಕ್ಷೆ ಮಾಡಿದ ದಿನ, ಪ್ರಯಾಣ ಯಾಕೆ ಮಾಡಬಾರದು, ಎಂದಿನಿಂದ ಎಂದಿನವರೆಗೆ, ಇಷ್ಟೂ ಇರಬೇಕು. ಕೆಲವು ಕಂಪನಿಗಳು ತಮ್ಮದೇ ಫಾರಂ ಕೊಡುತ್ತವೆ, ಅದಿದ್ದರೆ ಅದನ್ನೇ ತುಂಬಿಸಿ. ರೋಗಿ ನಿಮ್ಮ ಜೊತೆ ಹೊರಟವರಲ್ಲ, ಮನೆಯಲ್ಲಿದ್ದ ಅಪ್ಪ ಅಂದುಕೊಳ್ಳಿ, ಆಗ ನೀವು ಪಕ್ಕದಲ್ಲಿ ಇರಬೇಕಾದಷ್ಟು ಸ್ಥಿತಿ ಗಂಭೀರವಾಗಿತ್ತು ಅನ್ನುವುದನ್ನೂ ಬರೆಸಬೇಕು. ಡಾಕ್ಟರ್‌ಗೆ ಪುರುಸೊತ್ತು ಇರುವುದಿಲ್ಲ. ಈ ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟರೆ ಅವರಿಗೂ ಸುಲಭ. ನಡೆದದ್ದಕ್ಕಿಂತ ಒಂದು ಪದವೂ ಹೆಚ್ಚು ಬರೆಸಬೇಡಿ. ಹಳೆಯ ವೈದ್ಯಕೀಯ ದಾಖಲೆಯನ್ನು ತರಿಸಿ ನೋಡುವ ಹಕ್ಕು ವಿಮೆ ಕಂಪನಿಗೆ ಇರುತ್ತದೆ, ಹೊಂದಿಕೆಯಾಗದಿದ್ದರೆ ನಿಜವಾದ ಕ್ಲೇಮ್ ಕೂಡ ಹೋಗುತ್ತದೆ.

ತಿರಸ್ಕರಿಸಿದರೆ ಅಲ್ಲಿಗೆ ಬಿಡಬೇಡಿ. ಯಾವ ಷರತ್ತಿನ ಕೆಳಗೆ ತಿರಸ್ಕರಿಸಿದ್ದೀರಿ, ಅದರ ನಂಬರ್ ಸಮೇತ ಬರೆದುಕೊಡಿ ಅಂತ ಕೇಳಿ. ಆ ಷರತ್ತನ್ನು ತೆರೆದು ಓದಿದರೆ ಎಷ್ಟೋ ಸಲ ಇಲ್ಲದಿರುವುದು ಕಾಗದ ಮಾತ್ರ ಅಂತ ಗೊತ್ತಾಗುತ್ತದೆ. ನನಗಾದದ್ದು ಅದೇ. ಮೇಲ್ಮನವಿಯಲ್ಲಿ ಕೋಪ ತೋರಿಸಿ ಉಪಯೋಗವಿಲ್ಲ. ಅವರು ಹೇಳಿದ ಒಂದೊಂದು ಕಾರಣಕ್ಕೂ ಒಂದೊಂದು ದಾಖಲೆ ಜೋಡಿಸಿ. ಅಲ್ಲೂ ಆಗದಿದ್ದರೆ ವಿಮೆ ದೂರುಗಳನ್ನು ನೋಡುವ ಓಂಬುಡ್ಸ್‌ಮನ್ ಅಥವಾ ನಿಯಂತ್ರಕರ ಕಚೇರಿ ಇದ್ದರೆ ಅಲ್ಲಿಗೆ ಬರೆಯಿರಿ.

ಒಂದು ಗೊಂದಲ ಬಿಡಿಸಬೇಕು. ಹೋಟೆಲ್‌ನವರೇ ಬಾಗಿಲು ಮುಚ್ಚಿದ್ದರೆ, ಏರ್‌ಲೈನ್ ಸೇವೆ ಕೊಡದೆ ರೀಫಂಡನ್ನೂ ಕೊಡದಿದ್ದರೆ, ಅದಕ್ಕೆ ದಾರಿ ಚಾರ್ಜ್‌ಬ್ಯಾಕ್. ಕೊಡದ ಸೇವೆಗೆ ಹೋದ ಹಣವನ್ನು ವಾಪಸ್ ಮಾಡಿ ಅಂತ ಬ್ಯಾಂಕಿಗೆ ಹಾಕುವ ತಕರಾರು ಅದು, ವಿಮೆಗೂ ಅದಕ್ಕೂ ಸಂಬಂಧವಿಲ್ಲ. ಬ್ರಿಟನ್ನಿನಲ್ಲಿ 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 75ನೇ ಸೆಕ್ಷನ್ ಕೂಡ ಇದೆ, 100 ಪೌಂಡ್ ಮೇಲೆ 30,000 ಪೌಂಡ್ ತನಕದ ಬೆಲೆಯ ಖರೀದಿಗೆ ಕಾರ್ಡ್ ಕಂಪನಿಯೂ ಮಾರಿದವರಷ್ಟೇ ಹೊಣೆ. ಆದರೆ ಹೋಟೆಲ್ ತೆರೆದೇ ಇದ್ದು, ನೀವು ಕಾಯಿಲೆಯಿಂದ ಹೋಗಲಿಲ್ಲ ಅಂದರೆ ಅದು ಚಾರ್ಜ್‌ಬ್ಯಾಕ್ ವಿಷಯ ಆಗುವುದೇ ಇಲ್ಲ, ವಿಮೆಯೇ ಗತಿ.

ಯಾವಾಗ ಬೇರೆ ವಿಮೆ ಕೊಳ್ಳಬೇಕು

ಟ್ರಿಪ್‌ನ ವಾಪಸ್ ಬಾರದ ಹಣ ಕಾರ್ಡ್ ವಿಮೆ ಹೆಚ್ಚೆಂದರೆ ಕೊಡುವ ಮೊತ್ತಕ್ಕಿಂತ ಜಾಸ್ತಿ ಇದ್ದರೆ, ಮನೆಯಲ್ಲಿ ಹಳೆಯ ಕಾಯಿಲೆ ಇರುವವರಿದ್ದರೆ, ಕಾರ್ಡ್‌ನ ಪಟ್ಟಿಗೆ ಬಾರದ ಕಾರಣಕ್ಕೆ ಟ್ರಿಪ್ ಕೆಡಬಹುದು ಅನ್ನಿಸಿದರೆ ಬೇರೆ ವಿಮೆ ಕೊಳ್ಳುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಬೇರೆ ದೇಶದಲ್ಲಿ ಆಸ್ಪತ್ರೆ ಸೇರಿದರೆ ಆಗುವ ಖರ್ಚು ಬಹಳ ಕಾರ್ಡ್‌ಗಳಲ್ಲಿ ಇರುವುದಿಲ್ಲ ಅಥವಾ ತೀರಾ ಕಡಿಮೆ ಇರುತ್ತದೆ, ಅದಕ್ಕಂತೂ ಕಾರ್ಡನ್ನು ನೆಚ್ಚಿಕೊಳ್ಳಬೇಡಿ.

ಯಾವ ಕಾರಣಕ್ಕೆ ರದ್ದು ಮಾಡಿದರೂ ದುಡ್ಡು ಕೊಡುವ ವಿಮೆ ಕೆಲವು ದೇಶಗಳಲ್ಲಿ ಸಿಗುತ್ತದೆ. ಕ್ಯಾನ್ಸಲ್ ಫಾರ್ ಎನಿ ರೀಸನ್ ಅನ್ನುತ್ತಾರೆ. ಬೆಲೆ ಜಾಸ್ತಿ, ವಾಪಸ್ ಬರುವುದು ಸಾಮಾನ್ಯವಾಗಿ 50ರಿಂದ 75 ಶೇಕಡ, ಹೊರಡುವುದಕ್ಕೆ ಕನಿಷ್ಠ 48 ಗಂಟೆ ಮೊದಲು ರದ್ದು ಮಾಡಿರಬೇಕು. ಬಹಳ ಕಂಪನಿಗಳಲ್ಲಿ ಇದನ್ನು ಟ್ರಿಪ್‌ಗೆ ಮೊದಲ ಮುಂಗಡ ಕೊಟ್ಟ ದಿನದಿಂದ 14ರಿಂದ 21 ದಿನದೊಳಗೆ ಕೊಂಡಿರಬೇಕು, ಆಮೇಲೆ ಕೇಳಿದರೆ ಸಿಗುವುದಿಲ್ಲ. ಅದಕ್ಕೇ ನಾನು ಈಗ ಮುಂಗಡ ಕಟ್ಟಿದ ದಿನವೇ ಕ್ಯಾಲೆಂಡರಿನಲ್ಲಿ ಹತ್ತನೇ ದಿನಕ್ಕೆ ಗುರುತು ಹಾಕುತ್ತೇನೆ. ಅಷ್ಟರೊಳಗೆ ಕಾರ್ಡ್‌ನ ಪಾಲಿಸಿ ಓದಿ ಮುಗಿಸುವುದು, ಸಾಲದು ಅನ್ನಿಸಿದರೆ ಅವತ್ತೇ ಬೇರೆ ವಿಮೆ ಕೊಳ್ಳುವುದು.